ಮುಲ್ಲಾನ ಬಾವಿ ಮತ್ತು ನಮ್ಮ ಬೈಬಲಮ್ಮ

ಯಾರದೇ ಮನೆಗೆ ಹೋಗಲಿ, ನಮ್ಮ ಬೈಬಲಮ್ಮ ಹೊಸ್ತಿಲ ಹೊರಗೇ ನಿಂತು, "ಒಳಗ ಯಾರದಾರ್ರಿ?" ಎಂದು ಕೇಳುತ್ತಿದ್ದರು. ಉತ್ತರ ಬರುವ ತನಕ ಕಾಲಿಡುತ್ತಿರಲಿಲ್ಲ. ಬಾಗಿಲು ತೆರೆದಿದ್ದು, ಒಳಗಿನವರು ಎದುರಿಗೇ ಕೂತು ರೊಟ್ಟಿ ಬಡಿಯುತ್ತಿದ್ದರೂ ಕೇಳುತ್ತಿದ್ದರು. ಮನೆ ಖಾಲಿ ಎಂದು ಗೊತ್ತಿದ್ದರೂ ಕೇಳುತ್ತಿದ್ದರು. ಖಾಲಿ ಮನೆಯ ಮುಂದೆ ಅವರು ನಿಂತಿರುವುದನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಅವರು ಸುಮ್ಮನೆ ನಿಲ್ಲುತ್ತಿರಲಿಲ್ಲ. ತಲೆ ಸ್ವಲ್ಪ ವಾಲಿಸಿ, ಒಳಗಿನಿಂದ ಯಾರೋ ಮೆಲ್ಲಗೆ ಮಾತಾಡುವುದನ್ನು ಕೇಳಿಸಿಕೊಳ್ಳುವವರ ಹಾಗೆ ನಿಲ್ಲುತ್ತಿದ್ದರು.

ಮೊಮ್ಮಕ್ಕಳೇ, ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಹೊಸ ಪಾಸ್ಟರು ಮೈಕು ಹಿಡಿದುಕೊಂಡು, "ಸಮಾಜದಾಗ ಅನ್ಯಾಯ ಆದಾಗ ಸಭಿ ಏನು ಮಾಡಬೇಕು? ಹಿರಿಯರು ಯಾರರೆ ಹೇಳ್ರಿ" ಎನ್ನುತ್ತ ಸಾಲಿನಿಂದ ಸಾಲಿಗೆ ಬಂದರಲ್ಲ, ಆಗ ನೀವಿಬ್ಬರೂ ನನ್ನ ಮೊಣಕೈ ತಿವಿದಿರಿ. ನಾನು ಸೆರಗು ಎಳೆದುಕೊಂಡು ಕೆಳಗೆ ನೋಡಿದೆ. ನಾಲ್ಕು ಜನರ ಮುಂದೆ ಮಾತಾಡುವುದು ನನ್ನಿಂದ ಎಂದೂ ಆಗಿಲ್ಲ. ಸಭೆ ಏನು ಮಾಡಬೇಕೋ ನನಗೆ ತಿಳಿಯದು. ಒಬ್ಬರು ಮಾಡಿದ್ದು ಗೊತ್ತು. ಅದನ್ನು ಬರೆದು ಕೊಡುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಔರಾದದಿಂದ ಡಾಬಕಾದ ಕಡೆಗೆ ಹೋಗುವಾಗ ಸಿಗುವ ಒಂದು ಊರು ಎಂದರೆ ಸಾಕು. ಆಗ ಅಲ್ಲಿದ್ದವರ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ.

ಬೈಬಲಮ್ಮ ಬೀದರಿನವರು. ಸಣ್ಣ ವಯಸ್ಸಿನಲ್ಲಿ ಗಂಡ ತೀರಿಕೊಂಡಿದ್ದ. ಮಿಷನ್ನಿನ ಮಿಸ್ಸಮ್ಮನವರು ಓದು ಬರಹ ಕಲಿಸಿ, ಹಳ್ಳಿಯ ಹೆಂಗಸರಿಗೆ ಬೈಬಲು ಓದಿ ಹೇಳುವ ಕೆಲಸ ಕೊಟ್ಟು ನಮ್ಮ ಓಣಿಗೆ ಕಳಿಸಿದ್ದರು. ಎತ್ತರದ ಹೆಂಗಸು. ಬಿಳಿ ಸೀರೆ, ನೀಲಿ ಅಂಚು. ಹೆಗಲಿನ ಚೀಲದಲ್ಲಿ ಬೈಬಲು, ಬಳಪ, ಕಣ್ಣುಬೇನೆಗೆ ಹಾಕುವ ಔಷಧದ ಶೀಷೆ. ನನಗೆ ಅಕ್ಷರ ಕಲಿಸಿದವರು ಅವರೇ. ನಾನು ಆ ಓಣಿಗೆ ಸೊಸೆಯಾಗಿ ಬಂದಾಗ ಹಳ್ಳಿಯ ಶಾಲೆಯಲ್ಲಿ ಕಲಿತಿದ್ದ ಸ್ವಲ್ಪವೂ ಮರೆತುಹೋಗಿತ್ತು. ಅವರು ಪ್ರಾರ್ಥನಾ ಮಂದಿರದ ನೆಲದ ಮೇಲೆ ನನ್ನ ಬೆರಳು ಹಿಡಿದು ಮತ್ತೆ ತಿದ್ದಿಸಿದರು.

ನಮ್ಮದು ತೊಗಲಿನ ಕೆಲಸದವರ ಓಣಿ. ಊರಲ್ಲಿ ದನ ಸತ್ತರೆ ಹೊತ್ತು ತರುವುದು, ಸುಲಿಯುವುದು, ಹದ ಮಾಡುವುದು, ಚಪ್ಪಲಿ ಮತ್ತು ಬಾವಿಯ ಮೊಟ್ಟೆ ಹೊಲಿಯುವುದು. ಮೊಟ್ಟೆ ಅಂದರೆ ಎತ್ತು ಕಟ್ಟಿ ನೀರೆತ್ತುವ ತೊಗಲಿನ ಚೀಲ. ಊರಿನ ಬಾವಿಗಳಿಗೆಲ್ಲ ಮೊಟ್ಟೆ ಹೊಲಿದವರು ನನ್ನ ಮಾವ. ಆದರೆ ಆ ಯಾವ ಬಾವಿಯ ಹಗ್ಗವನ್ನೂ ಅವರು ಮುಟ್ಟುವ ಹಾಗಿರಲಿಲ್ಲ. ನಾವು ಕ್ರೈಸ್ತರಾಗಿ ಒಂದು ತಲೆಮಾರು ಕಳೆದಿದ್ದರೂ ಊರಿನವರಿಗೆ ನಾವು ಹಿಂದಿನವರೇ. ಊರ ಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಬಂದವರು ಎತ್ತರದಿಂದ ಸುರಿಯುತ್ತಿದ್ದರು. ಅರ್ಧ ನೀರು ನೆಲಕ್ಕೆ, ಅರ್ಧ ಕೊಡಕ್ಕೆ. ಯಾರೂ ಬರದಿದ್ದರೆ ಹಳ್ಳದ ಉಸುಕಿನಲ್ಲಿ ತೋಡಿದ ವರತಿಯ ನೀರು.

ಬೈಬಲಮ್ಮನಲ್ಲಿ ಇನ್ನೊಂದು ರೂಢಿ ಇತ್ತು. ಒಮ್ಮೆ ಅವರ ಜೊತೆ ಠಾಣಾ ಕುಶನೂರಕ್ಕೆ ನಡೆದು ಹೋಗುತ್ತಿದ್ದೆ. ಸುಡುವ ಬಿಸಿಲು, ದಾರಿಯ ಮೇಲೆ ಒಂದು ನರಪಿಳ್ಳೆ ಇರಲಿಲ್ಲ. ಅವರು ಫಕ್ಕನೆ ನನ್ನ ತೋಳು ಹಿಡಿದು ಬದಿಗೆ ಎಳೆದುಕೊಂಡರು. ತಲೆ ತಗ್ಗಿಸಿ ನಿಂತರು. ಯಾವುದೋ ಮೆರವಣಿಗೆ ದಾಟುವಷ್ಟು ಹೊತ್ತು ನಿಂತೆವು.

"ಯಾರೂ ಕಾಣಲಿಲ್ಲಲ್ರಿ" ಎಂದೆ ನಾನು, ಆಮೇಲೆ.

"ನಿನಗ ಕಾಣಲಿಲ್ಲಂತ ಅವರಿಗಿ ದಾರಿ ಬ್ಯಾಡೇನು?" ಎಂದು ಮುಂದೆ ನಡೆದರು. ಅಷ್ಟೇ. ಮುಂದೆ ಕುಶನೂರದ ಸಂತೆಯಲ್ಲಿ ಬೆಲ್ಲಕ್ಕೆ ಚೌಕಾಸಿ ಮಾಡುತ್ತ ಅಂಗಡಿಯವನನ್ನು ನಗಿಸಿ ನಗಿಸಿ ಸುಸ್ತು ಮಾಡಿದರು. ಅವರನ್ನು ಹುಚ್ಚಿ ಎನ್ನುವಂತಿರಲಿಲ್ಲ.

ನಿಜಾಮರ ಕಾಲದ ಕೊನೆಯ ವರ್ಷ ರಜಾಕಾರರು ಹಳ್ಳಿಗಳ ಮೇಲೆ ಬೀಳತೊಡಗಿದ್ದರು. ನಮ್ಮ ಊರಿಗೂ ಬಂದರು. ಧಾನ್ಯ ಹೊತ್ತುಕೊಂಡು ಹೋದರು, ಒಂದು ಬಣವೆಗೆ ಬೆಂಕಿ ಇಟ್ಟರು. ಆಗ ಊರಿನ ಮುಖ್ಯಸ್ಥರಾದ ಪಾಟೀಲರು ತಮ್ಮ ಮನೆಯ ಹೆಂಗಸರನ್ನು ಎಲ್ಲಿ ಅಡಗಿಸಿದರು ಗೊತ್ತೇ? ನಮ್ಮ ಪ್ರಾರ್ಥನಾ ಮಂದಿರದಲ್ಲಿ. ಮಿಷನ್ನಿನ ಜಾಗಕ್ಕೆ ಯಾರೂ ಕೈ ಹಾಕುವುದಿಲ್ಲ ಎಂಬ ನಂಬಿಕೆ. ಬೈಬಲಮ್ಮ ಬಾಗಿಲಲ್ಲಿ ಕೂತು ಕಾದರು. ಪಾಟೀಲರ ಹೆಂಡತಿ ಮೊದಲ ದಿನ ನಮ್ಮ ಕೊಡದ ಕಡೆ ನೋಡಲಿಲ್ಲ. ಮರುದಿನ ಮುಖ ಗೋಡೆಗೆ ತಿರುಗಿಸಿಕೊಂಡು ಕುಡಿದಳು. ಬೈಬಲಮ್ಮ ಮೆಲ್ಲಗೆ, "ಗ್ವಾಡಿ ಯಾರಿಗೂ ಹೇಳಲ್ರಿ, ಆರಾಮಾಗಿ ಕುಡೀರಿ" ಎಂದರು. ನಾನು ನಗು ತಡೆಯಲಾರದೆ ಹೊರಗೆ ಓಡಿದೆ.

ಆಮೇಲೆ ಪೊಲೀಸ್ ಆಕ್ಷನ್ ಆಯಿತು. ಹಿಂದುಸ್ತಾನದ ಫೌಜು ಬಂತು, ರಜಾಕಾರರು ಓಡಿಹೋದರು. ಜನ ಪೇಢೆ ಹಂಚಿದರು. ಆದರೆ ಓಡಿಹೋದವರ ಸಿಟ್ಟನ್ನು ಓಡಿಹೋಗದವರ ಮೇಲೆ ತೀರಿಸಿದರು. ನಮ್ಮೂರಲ್ಲಿ ಇದ್ದದ್ದು ಒಂದೇ ದೊಡ್ಡ ಮುಸಲ್ಮಾನರ ಮನೆ, ಮುಲ್ಲಾನದು. ಅವನು ರಜಾಕಾರನಲ್ಲ. ಮಕ್ಕಳಿಗೆ ತಾಯಿತ ಕಟ್ಟುತ್ತಿದ್ದ, ತೊಗರಿ ಬೆಳೆಯುತ್ತಿದ್ದ. ಹೊರಗಿನವರು ಬಂದರು, ಊರಿನವರು ಮನೆ ತೋರಿಸಿದರು. ಗಂಡಸರನ್ನು ಹೊಲದಲ್ಲೇ ಕೊಂದರು. ಮನೆಯ ಹೆಂಗಸರು ತಮ್ಮ ತೋಟದ ಬಾವಿಗೆ ಹಾರಿದರು. ನಾವು ಓಣಿಯವರು ಮಂದಿರದ ಬಾಗಿಲು ಹಾಕಿಕೊಂಡಿದ್ದೆವು. ಬೈಬಲಮ್ಮ ಆ ದಿನ ಬೀದರಿನಲ್ಲಿದ್ದರು. ನಾನು ಬಸುರಿ. ಕೇಳಿದ್ದನ್ನು ಬರೆಯುವುದಿಲ್ಲ. ಕೂಗು ನಿಂತ ಮೇಲಿನ ಸದ್ದಿಲ್ಲದ ಮಧ್ಯಾಹ್ನ ಮಾತ್ರ ಈಗಲೂ ಒಮ್ಮೊಮ್ಮೆ ಬರುತ್ತದೆ, ಅಡುಗೆ ಮನೆಯಲ್ಲಿ ಒಬ್ಬಳೇ ಇರುವಾಗ.

ಅನಂತರ ಊರು ಆ ಮಾತನ್ನೇ ಎತ್ತಲಿಲ್ಲ. ಮುಲ್ಲಾನ ಮನೆಯ ಬಾಗಿಲು ಹಾರು ಹೊಡೆದು ಬಿದ್ದಿತ್ತು. ಒಳಗೆ ಪರಾತದಲ್ಲಿ ಕಲಸಿಟ್ಟ ಹಿಟ್ಟು ಕಲ್ಲಾಗಿತ್ತು. ಅವರ ಕೌದಿ ಯಾರದೋ ಅಂಗಳದಲ್ಲಿ ಒಣಗುತ್ತಿತ್ತು, ಅವರ ಹಂಡೆ ಇನ್ಯಾರದೋ ಒಲೆಯ ಮೇಲೆ. ಅವರ ಕರಿ ಆಡು ಪಾಟೀಲರ ಹಿತ್ತಲಿಗೆ ಬಂದಿತ್ತು. ಅದು ದಿನಾ ಸಂಜೆ ಹಗ್ಗ ಕಿತ್ತುಕೊಂಡು ಹಳೆಯ ಮನೆಗೆ ಹೋಗಿ, ಹೊಸ್ತಿಲ ಮೇಲೆ ಮುಂಗಾಲಿಟ್ಟು ಒಳಗೆ ನೋಡುತ್ತ ನಿಲ್ಲುತ್ತಿತ್ತು. ಕಡೆಗೆ ಪಾಟೀಲರು ಅದನ್ನು ಮಾರಿದರು. ಬಾವಿಯ ಗೋಡೆಯ ಸಂದುಗಳಲ್ಲಿ ಇರುತ್ತಿದ್ದ ಪಾರಿವಾಳಗಳೂ ಹಾರಿಹೋದವು. ಆ ಹಾದಿಯಲ್ಲಿ ನಡೆಯುವವರು ಬಾವಿ ಬಂದಾಗ ಮಾತು ನಿಲ್ಲಿಸಿ, ದಾಟಿದ ಮೇಲೆ ಅದೇ ಮಾತನ್ನು ಮುಂದುವರಿಸುತ್ತಿದ್ದರು.

ಬೇಸಿಗೆ ಬಂತು. ನಿಮ್ಮಪ್ಪ ಆಗ ಹಾಲು ಕುಡಿಯುವ ಕೂಸು. ವರತಿಯ ನೀರು ಕೆಸರಾಯಿತು. ಓಣಿಯ ಮಕ್ಕಳಿಗೆ ಭೇದಿ ಶುರುವಾಯಿತು. ಪಕ್ಕದ ಮನೆಯ ಕೂಸೊಂದು ಹೋಯಿತು. ಅಂಥ ಹೊತ್ತಿನಲ್ಲಿ ಪಾಟೀಲರು ತಾವೇ ನಮ್ಮ ಓಣಿಗೆ ನಡೆದು ಬಂದರು. ಹಿಂದೆಂದೂ ಬಂದವರಲ್ಲ.

"ಇನ್ನ ಮ್ಯಾಲ ಮುಲ್ಲಾನ ಬಾಂವಿ ನಿಮ್ಮ ಓಣಿಗಿ" ಎಂದರು ಮಾವನಿಗೆ. "ಹಗ್ಗ ನಿಮ್ಮದು, ಗಡಗಡಿ ನಿಮ್ಮದು. ಯಾರೂ ಕೇಳಲ್ಲ. ಸ್ವರಾಜ್ಯ ಬಂದದ, ನಿಮಗೂ ನ್ಯಾಯ ಸಿಗಬೇಕಲ್ಲ?"

ಮಾವ ಕೈಮುಗಿದು ಅತ್ತೇಬಿಟ್ಟರು. ಸಭೆಯ ಹಿರಿಯರು ಅವರು. ಭಾನುವಾರ ಸ್ತೋತ್ರದ ಆರಾಧನೆ ಇಟ್ಟರು. ನಮ್ಮ ಜನ ಹುಟ್ಟಿದಾಗಿನಿಂದ ಬೇಡಿದ್ದು ಅದೊಂದೇ, ನಮ್ಮ ಕೈಯಿಂದ ನೀರು ಸೇದುವುದು. ಆ ಬಾವಿಯಲ್ಲಿ ಏನಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ಮೇಲಿನ ನೀರು ಸೋಸಿ ಕುದಿಸಿದರಾಯಿತು ಎಂದು ಹೆಂಗಸರು ತಮ್ಮಲ್ಲೇ ಅಂದುಕೊಂಡರು. ನಾನೂ ಅಂದುಕೊಂಡೆ. ಕೂಸು ಮಡಿಲಲ್ಲಿ ಬಾಡಿದ ಸೊಪ್ಪಿನ ಹಾಗೆ ಬಿದ್ದಿತ್ತು.

ಆರಾಧನೆ ಮುಗಿಸಿ ಕೊಡ ಹಿಡಿದು ಸಾಲಾಗಿ ಹೋದೆವು. ಬೈಬಲಮ್ಮ ನಮಗಿಂತ ಮುಂಚೆ ಹೋಗಿ ಬಾವಿಯ ಕಟ್ಟೆಯ ಹತ್ತಿರ ನಿಂತಿದ್ದರು. ಮನೆಗಳ ಮುಂದೆ ನಿಲ್ಲುವ ಹಾಗೆಯೇ, ಕಟ್ಟೆಗೆ ಕಾಲು ತಾಗಿಸದೆ. ಬಗ್ಗಿ ಒಳಗೆ ನೋಡಿ, "ಒಳಗ ಯಾರದಾರ್ರಿ?" ಎಂದು ಕೇಳಿದರು.

ಬಾವಿ ಅಂದರೆ ಕೂಗಿದ್ದನ್ನು ತಿರುಗಿ ಕೂಗಬೇಕು. ಮಕ್ಕಳಾಗಿದ್ದಾಗ ನಾವು ಅದೇ ಆಟ ಆಡುತ್ತಿದ್ದೆವು. ಆ ಬಾವಿ ತಿರುಗಿ ಕೂಗಲಿಲ್ಲ. ಅವರ ದನಿ ಒಳಗೆ ಹೋಯಿತು, ಅಷ್ಟೇ. ಕೆಳಗೆ ಯಾರೋ ಆ ಮಾತನ್ನು ತೆಗೆದುಕೊಂಡು ಇಟ್ಟುಕೊಂಡ ಹಾಗೆ. ಬೈಬಲಮ್ಮ ತಲೆ ವಾಲಿಸಿ ಕಾದರು. ನಾವೂ ಕಾದೆವು. ಒಬ್ಬಳ ಕೈಯಿಂದ ಕೊಡ ಜಾರಿತು. ಖಾಲಿ ಕೊಡ ಹೊತ್ತುಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದೆವು.

ಮಂದಿರದಲ್ಲಿ ದೊಡ್ಡ ಜಗಳವಾಯಿತು. ಮಾವ ಹಾಗೆ ಕೂಗಾಡಿದ್ದನ್ನು ನಾನು ಕಂಡಿರಲಿಲ್ಲ.

"ನಿನಗೇನವಾ, ಮಿಷನ್ ಬಾಂವಿ ನೀರು ಕುಡದು ಬೆಳದಾಕಿ! ನಮ್ಮ ಕೂಸುಗಳು ಕೆಸರು ಕುಡದು ಸಾಯ್ಲಾಕತ್ತಾವ. ಹುಟ್ಟಿದಾಗಿಂದ ಇವತ್ತ ಒಂದಿನ ಬಾಗಿಲು ತೆರದದ. ಅದನ್ನ ನೀ ಮುಚ್ಚಸ್ತಿ?"

"ಮುಚ್ಚಸಲ್ರಿ ಮಾವ. ಇವತ್ತ ಅದನ್ನ ಕೊಟ್ಟೋರು ಯಾರು?"

"ಪಾಟೀಲರು."

"ಅವರದೇನು ಅದು?"

ಬೈಬಲಮ್ಮ ನೆಲದ ಮೇಲೆ ಕೂತರು. ಅವರು ಜಗಳದಲ್ಲಿ ಯಾವಾಗಲೂ ಕೂತುಬಿಡುತ್ತಿದ್ದರು, ನಿಂತವರು ಬಗ್ಗಿ ಮಾತಾಡಬೇಕಾಗುತ್ತಿತ್ತು.

"ಮುಲ್ಲಾನ ಸೊಸಿ ಮೆಹಬೂಬ್‌ಬೀ ಬದಕ್ಯಾಳ. ಹಡೀಲಾಕ ತವರಿಗಿ ಹೋಗಿದ್ಳು, ಅದಕ್ಕ ಉಳದಾಳ. ಓಡಿ ಹೋದವರನ್ನ ತಿರುಗಿ ಊರಿಗಿ ಕೂಡಸ್ಲಾಕ ಹೊಸ ಸರಕಾರ ಹೊಂಟದ. ತಹಸೀಲ್ದಾರ ಬರ್ತಾನ. ಬಾಂವಿ ಯಾರ ಕೈಯಾಗದ ಅಂತ ಕೇಳ್ತಾನ. ಕಿರಸ್ತಾನರ ಕೈಯಾಗ ಅಂತಾರ. ಆಕಿ ಬಂದು ನಿಂತ್ರ, ಆಕಿಗಿ ಎದುರು ಯಾರು ನಿಲ್ಲಬೇಕು? ಪಾಟೀಲ್ರಲ್ಲ, ನಾವು. ಆಕಿ ಕುತ್ತಿಗಿ ಮ್ಯಾಲ ನಮ್ಮ ಕೈ ಇಟ್ಟು, ತಮ್ಮ ಕೈ ತಕ್ಕೊಂಡಾರ."

ಒಂದು ಮುದುಕಿ, "ಮತ್ತ ನೀರು?" ಎಂದಳು.

"ಮೊದಲ ಒಳಗಿನವರನ್ನ ಹೊರಗ ತರಬೇಕು. ಮಣ್ಣು ಮಾಡಬೇಕು. ಆಮ್ಯಾಲ ಬಾಂವಿ ಒಡತೀನ ಕೇಳಬೇಕು. ಕೊಟ್ರ ಕುಡಿಯೋಣು."

"ಕೊಡಲಿಲ್ಲಂದ್ರ?"

"ಅದು ನನಗೂ ಗೊತ್ತಿಲ್ಲ" ಎಂದರು ಬೈಬಲಮ್ಮ. ಅದಕ್ಕೇ ಇರಬೇಕು, ಜನ ಅವರನ್ನು ನಂಬಿದರು.

ಬಾವಿ ಬರಿದು ಮಾಡುವ ದಿನ ಪಾಟೀಲರು ಧಾವಿಸಿ ಬಂದರು. "ಯಾಕ್ರೋ, ಮುಗದದ್ದು ಯಾಕ ಕೆದಕ್ತೀರಿ? ಯಾರು ಹೇಳಿದ್ರು ನಿಮಗ?" ಮಾವ ಕಚ್ಚೆ ಬಿಗಿದು ಹಗ್ಗ ಹಿಡಿದಿದ್ದರು. ಹಿಂದಿನ ವಾರ ಬೈಬಲಮ್ಮನನ್ನು ಬೈದ ಅದೇ ಬಾಯಿಂದ ಹೇಳಿದರು: "ನೀವೇ ಹೇಳಿದ್ದು, ಪಾಟೀಲರೇ. ಸತ್ತದ್ದು ಎತ್ತೋದು ನಮ್ಮ ಕೆಲಸಂತ ಊರೇ ಹೇಳ್ಯಾದ. ನಿಮ್ಮ ಎಮ್ಮಿ ಸತ್ರ ಉಣ್ಣೋ ಗಂಗಾಳ ಬಿಟ್ಟು ಏಳಸ್ತೀರಿ. ಮನಷ್ಯಾರು ಸತ್ರ ಬ್ಯಾಡೇನ್ರಿ?"

ಪಾಟೀಲರು ಬೈಬಲಮ್ಮನ ಕಡೆ ನೋಡಿದರು. ಅವರು, "ಅಕ್ಕಾವರು ಆರಾಮದಾರೇನ್ರಿ?" ಎಂದು ಪಾಟೀಲರ ಹೆಂಡತಿಯ ಕ್ಷೇಮ ಕೇಳಿದರು. ಪಾಟೀಲರು ಹೊರಳಿ ಹೋದರು.

ಬಾವಿಯಿಂದ ಏನೇನು ಬಂತು ಎಂದು ನಿಮಗೆ ಬರೆಯುವುದಿಲ್ಲ. ಬಿದಿರಿನ ಬುಟ್ಟಿಗಳಲ್ಲಿ ಎತ್ತಿದರು. ಪ್ರತಿ ಬುಟ್ಟಿಯ ಮೇಲೂ ಮಂದಿರದ ಮೇಜಿಗೆ ಹಾಸುವ ಬಿಳಿ ಬಟ್ಟೆ ಮುಚ್ಚಿ ಹೊತ್ತರು. ಮುಸಲ್ಮಾನರ ಮಣ್ಣಿನ ಜಾಗಕ್ಕೆ ಹೋಗುವ ದಾರಿ ಪಾಟೀಲರ ಹೊಲದಲ್ಲಿತ್ತು, ಬಿಡಲಿಲ್ಲ. ನಮ್ಮ ಸಭೆಯ ಮಣ್ಣಿನಲ್ಲೇ ಒಂದು ಸಾಲು ತೋಡಿ, ನಮ್ಮ ರೀತಿಯಲ್ಲೇ ಇಟ್ಟೆವು. ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ಕರ್ತನು ಮೂಡಣದಿಂದ ಬರುವ ದಿನ ಎದ್ದು ಕೂತರೆ ಎದುರಿಗೇ ಕಾಣಲಿ ಎಂಬ ಲೆಕ್ಕ. ಬೇರೆ ರೀತಿ ಇದೆ ಎಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ, ಬೈಬಲಮ್ಮನಿಗೂ.

ಆ ವಾರವೇ ಕೂಸಿನ ಭೇದಿ ಜೋರಾಯಿತು. ಬೈಬಲಮ್ಮ ನನ್ನನ್ನೂ ಕೂಸನ್ನೂ ಬೀದರಿನ ಆಸ್ಪತ್ರೆಗೆ ಕರೆದೊಯ್ದರು. ಕೂಸು ಕಣ್ಣು ಬಿಟ್ಟಿತು. ಡಾಕ್ಟರು, "ಒಳ್ಳೆಯ ನೀರು ಕೊಡಿ, ಇಲ್ಲದಿದ್ದರೆ ಮತ್ತೆ ಬರುತ್ತೀರಿ" ಎಂದರು. ಹಿಂದಿರುಗುವ ಮುನ್ನ ಬೈಬಲಮ್ಮ ಮೆಹಬೂಬ್‌ಬೀಯ ತವರಿನ ಓಣಿಯನ್ನು ಹುಡುಕಿದರು. ಕೋಟೆಯ ಹಿಂಬದಿಯ ಆ ಓಣಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ಪ್ರತಿ ಪರದೆಯ ಹಿಂದೆ ಉಸಿರಾಟ ಇತ್ತು, ಉತ್ತರ ಇರಲಿಲ್ಲ. ಬೈಬಲಮ್ಮ ಒಂದೊಂದು ಹೊಸ್ತಿಲಲ್ಲೂ ಕೇಳಿ ಕೇಳಿ ನಿಂತರು. ಕೊನೆಗೆ ಒಂದು ಪರದೆಯ ಹಿಂದಿನಿಂದ, "ಭಾಲ್ಕಿಯಾಗ, ಬಳಿ ಮಾರೋ ಮಾಮುನ ಮನ್ಯಾಗ" ಎಂದು ಒಂದು ದನಿ ಬಂತು. ಪರದೆ ಅಲುಗಲಿಲ್ಲ.

ಭಾಲ್ಕಿಯ ಆ ಮನೆಯ ಬಾಗಿಲ ಹೊರಗೆ ಗಂಡಸರ ಚಪ್ಪಲಿಗಳ ರಾಶಿಯೇ ಇತ್ತು. ಒಳಗೆ ದೊಡ್ಡ ಜನ ಕೂತಿರಬೇಕು ಎಂದು ನಾನು ಹೆದರಿ ಹಿಂದೆ ಸರಿದೆ. ಒಳಗೆ ಇದ್ದದ್ದು ಒಬ್ಬಳೇ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳು, ಮಡಿಲಲ್ಲಿ ನಿಮ್ಮಪ್ಪನಷ್ಟೇ ಹೆಣ್ಣು ಕೂಸು.

"ಅವು ನಮ್ಮ ಮನಿ ಗಂಡಸರ ಚಪ್ಪಲಿ, ಹಾಕ್ಕೊಳ್ಳೋರು ಯಾರೂ ಉಳದಿಲ್ಲ" ಎಂದಳು ಮೆಹಬೂಬ್‌ಬೀ, ನನ್ನ ಕಣ್ಣು ಬಾಗಿಲ ಕಡೆ ಇದ್ದದ್ದು ನೋಡಿ. "ಹೊರಗ ಇಟ್ರ ಒಳಗ ಗಂಡಸರು ಅದಾರಂತ ಯಾರೂ ಬರಲ್ಲ. ಮುಂಜಾನಿ ಎದ್ದು ದಿನಾ ಜಾಗ ಬದಲಿಸಿ ಇಡ್ತೀನಿ."

ಬೈಬಲಮ್ಮ ಆ ಚಪ್ಪಲಿಗಳನ್ನು ದಾಟಿ ಬರುವಾಗ ಸೀರೆಯ ಅಂಚು ಎತ್ತಿ ಹಿಡಿದಿದ್ದರು. ಈಗ ನೆಲಕ್ಕೆ ಕೂತು, ಊರಿಗೆ ಬಾ ಎಂದರು. ಹೊಲ, ಮನೆ, ಬಾವಿ ನಿನ್ನವು, ತಹಸೀಲ್ದಾರರ ಮುಂದೆ ನೀನೇ ನಿಂತು ಕೇಳಬೇಕು ಎಂದರು.

"ಬಾಂವಿ ಬೇಕೇನು ನಿಮಗ? ತಕ್ಕೋರಿ. ನಾ ಬರಲ್ಲ ಬಾಯಿಜೀ. ಅಲ್ಲಿ ನಮ್ಮವರು ಯಾರದಾರ?"

"ಅದಾರ. ಬಾಂವ್ಯಾಗಿಂದ ತಗದು ಮಣ್ಣು ಮಾಡೀವಿ. ನಮ್ಮ ಮಣ್ಣಿನಾಗ."

ಮೆಹಬೂಬ್‌ಬೀ ಬಹಳ ಹೊತ್ತು ಕೂಸಿನ ತಲೆ ಸವರಿದಳು. "ಹ್ಯಾಂಗ ಇಟ್ಟೀರಿ?" ಎಂದು ಕೇಳಿದಳು.

ಬೈಬಲಮ್ಮ ತಮ್ಮ ಬಲಗೈಯನ್ನು ಅಂಗಾತ ನೆಲದ ಮೇಲೆ ಇಟ್ಟು ತೋರಿಸಿದರು, ಬೆರಳ ತುದಿ ತಲೆ ಎಂಬಂತೆ ಪಡುವಣಕ್ಕೆ. ಮೆಹಬೂಬ್‌ಬೀ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಬೆರಳ ತುದಿ ಬಡಗಣಕ್ಕೆ ಬಂತು. ಆಮೇಲೆ ಅಂಗೈಯನ್ನು ಮಗ್ಗುಲಿಗೆ ವಾಲಿಸಿ, ಅವರು ನಮಾಜು ಮಾಡುವ ದಿಕ್ಕಾದ ಪಡುವಣಕ್ಕೆ ಮುಖ ಮಾಡಿಸಿದಳು. ಹಾಗೆಯೇ ಹಿಡಿದುಕೊಂಡಳು. ನಿದ್ದೆಗೆ ಮಗ್ಗುಲಾದವರ ಹಾಗೆ ಕಾಣುತ್ತಿತ್ತು ಆ ಕೈ.

ಬೈಬಲಮ್ಮ ಕೈ ಬಿಡಿಸಿಕೊಳ್ಳಲಿಲ್ಲ. "ತಪ್ಪಾಯ್ತು ತಾಯಿ" ಎಂದರು. "ತಿರುಗಸ್ತೀವಿ."

ಊರಿಗೆ ಬಂದು ಹೇಳಿದಾಗ ಓಣಿಯವರು ಗಾಬರಿಯಾದರು. ಒಮ್ಮೆ ಮುಚ್ಚಿದ ಮಣ್ಣನ್ನು ಮತ್ತೆ ತೆರೆಯುವುದೇ?

"ಒಮ್ಮಿ ಎತ್ತಿದ್ವಿ, ಒಮ್ಮಿ ಇಟ್ವಿ" ಎಂದರು ಮಾವ. "ಇನ್ನೊಮ್ಮಿ ಎಬ್ಬಿಸಿದ್ರ ಅವರೇ ಎದ್ದು ಕೂತು, ಏನ್ರೋ ನಿಮ್ಮ ಕಾಟ ಅಂತಾರ."

"ಅಂದ್ರ ಅನ್ನಲಿ. ಹಂಗ ಮಲಗಿಸಿದ್ದು ನಾವು."

"ನಮ್ಮ ಮಣ್ಣಿನಾಗ ಅಡ್ಡ ಮಲಗಿದ್ರ, ಕರ್ತ ಬರೋ ದಿನ ಅವರು ಆತನ ಕಡಿ ಬೆನ್ನು ಮಾಡಿರ್ತಾರಲ್ಲ?"

"ಆತನೇ ಸುತ್ತು ಹಾಕಿ ಬರ್ತಾನ ಬಿಡ್ರಿ" ಎಂದರು ಬೈಬಲಮ್ಮ. "ಆತನಿಗೇನು ಕಾಲಿಲ್ಲೇನು?"

ಅಷ್ಟು ಭಯದ ನಡುವೆಯೂ ಯಾರೋ ನಕ್ಕರು. ಶುಭ ಶುಕ್ರವಾರ ಯಾರೂ ಕೂಲಿಗೆ ಹೋಗುವುದಿಲ್ಲ. ಆ ದಿನ ಮಂದಿರದಲ್ಲಿ ಕೂತು ಕರ್ತನು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಧ್ಯಾನಿಸುವ ಬದಲು ಸಭೆಯೆಲ್ಲ ಮಣ್ಣಿಗೆ ಹೋಯಿತು. ಬರಲ್ಲ ಎಂದಿದ್ದ ಮೆಹಬೂಬ್‌ಬೀ ತನ್ನವರನ್ನು ತಿರುಗಿಸುವುದನ್ನು ನೋಡಲು ಕೂಸನ್ನು ಎತ್ತಿಕೊಂಡು ಬಂದಿದ್ದಳು. ಅವಳಿಗಾಗಿ ಕಾಜಿ ಬರಲಿಲ್ಲ, ಯಾರೂ ಬರಲು ಧೈರ್ಯ ಮಾಡಲಿಲ್ಲ. ಅವಳೇ ಪ್ರತಿ ಗುಂಡಿಯ ಹತ್ತಿರ ಕೈ ಸನ್ನೆಯಿಂದ ತೋರಿಸಿದಳು, ನಮ್ಮ ಗಂಡಸರು ಹಾಗೆ ತಿರುಗಿಸಿ ಇಟ್ಟರು. ಗಾಳಿ ಇರಲಿಲ್ಲ. ಕೊನೆಯ ಗುಂಡಿ ಮುಚ್ಚುವಾಗ, ಅಷ್ಟು ಹೊತ್ತು ಒಣಗಿ ಹುಡಿಯಾಗಿದ್ದ ಮಣ್ಣು ಕೈಗೆ ತಣ್ಣಗೆ, ಹಸಿಯಾಗಿ ಬಂತು. ಮಾವ ಒಂದು ಹಿಡಿ ಎತ್ತಿ ನೋಡಿ, ನನಗೆ ತೋರಿಸಿ, ಗುಂಡಿಗೆ ಹಾಕಿದ್ದನ್ನು ನಾನು ಕಂಡಿದ್ದೇನೆ. ಆ ಸಾಲು ಈಗಲೂ ಅಲ್ಲಿ ನಮ್ಮವರಿಗೆ ಅಡ್ಡವಾಗಿಯೇ ಇದೆ.

ತಹಸೀಲ್ದಾರರು ಬಂದದ್ದು ಅದರ ಮುಂದಿನ ವಾರ. ಚಾವಡಿಯ ಮುಂದೆ ಊರೆಲ್ಲ ಸೇರಿತ್ತು. "ಮುಲ್ಲಾನ ತೋಟ, ಬಾವಿ ಯಾರ ಸ್ವಾಧೀನದಲ್ಲಿದೆ?" ಎಂದು ಕೇಳಿದರು.

ಪಾಟೀಲರು ಮಾವನ ಕಡೆ ಕೈ ತೋರಿಸಿದರು. "ಕಿರಸ್ತಾನರ ಓಣಿಯವರ್ದು ಸಾಹೇಬ್ರೆ. ಬಡವ್ರು, ನೀರಿಲ್ಲ, ನಾವೇ ಬಿಟ್ಟುಕೊಟ್ಟೀವಿ."

ಮಾವ ಹೌದು ಎಂದರೆ ಸಾಕಿತ್ತು. ನಾನು ಹೆಂಗಸರ ಗುಂಪಿನಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ನಿಜ ಬರೆಯುತ್ತೇನೆ, ಹೌದು ಎನ್ನಲಿ ಎಂದೇ ನನ್ನ ಮನಸ್ಸು ಬೇಡುತ್ತಿತ್ತು. ಮಾವ ನನ್ನ ಕಡೆ, ಕೂಸಿನ ಕಡೆ ನೋಡಿದರು. ಬೈಬಲಮ್ಮನ ಕಡೆ ನೋಡಲಿಲ್ಲ.

"ಆ ತಾಯಿದ್ರಿ ಸಾಹೇಬ" ಎಂದರು. ಮೆಹಬೂಬ್‌ಬೀಯತ್ತ ಕೈ ಮಾಡಿದರು. "ನಾವು ಒಂದು ಕೊಡ ತಗೊಂಡಿಲ್ಲ."

ಆ ವರ್ಷ ಊರಿನಲ್ಲಿ ಯಾರೂ ನಮ್ಮನ್ನು ರಾಶಿ ಮಾಡುವ ಕೂಲಿಗೆ ಕರೆಯಲಿಲ್ಲ. ಗಂಡಸರು ಕೂಲಿ ಹುಡುಕಿ ಭಾಲ್ಕಿ, ಬೀದರ ಸುತ್ತಿದರು. ನಿಮ್ಮಜ್ಜ ಆಸ್ಪತ್ರೆಯ ಕೆಲಸಕ್ಕೆ ಸೇರಿ ನಾವು ಈ ಊರಿನವರಾದದ್ದು ಹಾಗೆ. ಬೈಬಲಮ್ಮನಿಗೆ ಅದಕ್ಕಿಂತ ಹೆಚ್ಚಿನದು ಹೋಯಿತು. ಬೀದರಿನಿಂದ ದೊಡ್ಡ ಪಾದ್ರಿಗಳು ಬಂದು, "ಸಭೆ ರಾಜಕೀಯಕ್ಕೆ ಬೀಳಬಾರದು, ನಿಮ್ಮ ಕೆಲಸ ಸುವಾರ್ತೆ ಸಾರುವುದು" ಎಂದರು.

"ಬಾಂವಿಗಿ ಬಿದ್ದವರ ಮಾತು ರಾಜಕೀಯ ಹ್ಯಾಂಗ ಆಯ್ತ್ರಿ ಅಯ್ಯಾವ್ರೆ?" ಎಂದು ಇವರು ಕೇಳಿದರು. ಅವರಿಗೆ ಸಿಟ್ಟು ಬಂತು. ಕೆಲಸ ಹೋಯಿತು. ಮಂದಿರದ ಕೋಣೆಯನ್ನೂ ಬಿಡಬೇಕಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ನೇರ ಮುಲ್ಲಾನ ಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತರಂತೆ. ಅಲ್ಲೇ ಮೆಹಬೂಬ್‌ಬೀಯ ಜೊತೆ ಉಳಿದರು. ಒಬ್ಬರು ಒಂದು ಮೂಲೆಯಲ್ಲಿ ನಮಾಜು ಮಾಡಿದರೆ, ಒಬ್ಬರು ಇನ್ನೊಂದು ಮೂಲೆಯಲ್ಲಿ ಪ್ರಾರ್ಥನೆ. ಆ ಕೂಸಿಗೂ ಅವರೇ ಅಕ್ಷರ ಕಲಿಸಿದರು. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಮಣ್ಣಿಗೆ ಹೋಗಲಾಗಲಿಲ್ಲ. ಕೊನೆಯ ದಿನಗಳಲ್ಲಿ ಅವರು ಖಾಲಿ ಕೋಣೆಗಳ ಜೊತೆ ಬಹಳ ಮಾತಾಡುತ್ತಿದ್ದರು, ನಗುತ್ತಿದ್ದರು ಎಂದು ಮೆಹಬೂಬ್‌ಬೀ ಮುಂದೆ ಒಮ್ಮೆ ಹೇಳಿದಳು. ಅವಳಿಗೆ ಹೆದರಿಕೆಯಾಗಲಿಲ್ಲವಂತೆ.

ತಹಸೀಲ್ದಾರರ ಜೀಪು ಹೋದ ಆ ದಿನದ ಒಂದು ಮಾತು ಉಳಿಯಿತು. ಜನ ಚೆದುರಿದರು. ನಾವು ಹೆಂಗಸರು ಕೊಡ ಹಿಡಿಯದೆ, ಸುಮ್ಮನೆ, ಮೆಹಬೂಬ್‌ಬೀಯ ಹಿಂದೆ ಹಿಂದೆ ಬಾವಿಯ ತನಕ ಹೋದೆವು. ತನ್ನವರು ಹೋದ ಮೇಲೆ ಅವಳು ಬಾವಿಯನ್ನು ಅದೇ ಮೊದಲ ಸಲ ನೋಡುತ್ತಿದ್ದಳು. ಬರಿದು ಮಾಡಿದ ಮೇಲೆ ಹೊಸ ನೀರು ಊರಿತ್ತು, ಕಪ್ಪಗೆ, ಅಲ್ಲಾಡದೆ. ಅವಳು ತನ್ನ ಕೂಸನ್ನು ಬೈಬಲಮ್ಮನ ಕೈಗೆ ಕೊಟ್ಟು, ಕಟ್ಟೆ ಹತ್ತಿ, ಬಹಳ ಹೊತ್ತು ಕೆಳಗೆ ನೋಡಿದಳು. ಇವಳೂ ಹಾರುತ್ತಾಳೆ ಎಂದು ನನಗೆ ಅನಿಸಿತು. ಎಲ್ಲರಿಗೂ ಅನಿಸಿತ್ತು. ಯಾರ ಕಾಲೂ ಮುಂದೆ ಹೋಗಲಿಲ್ಲ.

ಬೈಬಲಮ್ಮ ಮಾತ್ರ ಒಂದು ಹೆಜ್ಜೆ ಮುಂದೆ ಬಂದು, "ಮೆಹಬೂಬ್‌ಬೀ, ಈ ಕೂಸಿಗಿ ನೀರು ಬೇಕಾಗ್ಯಾದವಾ. ಕೊಡ್ತಿ ಏನು?" ಎಂದು ನನ್ನ ಮಡಿಲಿನ ನಿಮ್ಮಪ್ಪನನ್ನು ತೋರಿಸಿ ಕೇಳಿದರು.

ಮೆಹಬೂಬ್‌ಬೀ ಕೆಳಗಿಳಿದಳು. ಹಗ್ಗ ಬಿಟ್ಟು, ಸೇದಿ, ತುಂಬಿದ ಚರಿಗೆಯನ್ನು ತಂದು ನನ್ನ ಕೈಯಲ್ಲೇ ಇಟ್ಟಳು. ಎತ್ತರದಿಂದ ಸುರಿಯಲಿಲ್ಲ. ಅವಳ ಬೆರಳು ನನ್ನ ಬೆರಳಿಗೆ ತಾಗಿತು. ನಾನು ಸೆರಗಿನ ಚುಂಗು ಅದ್ದಿ ನಿಮ್ಮಪ್ಪನ ತುಟಿಗೆ ಹಿಂಡಿದೆ. ಅವನು ಗುಟುಕರಿಸಿದ.

ಕೆಳಗೆ ಬಾವಿಯಲ್ಲೂ ಒಂದು ಗುಟುಕಿನ ಸದ್ದಾಯಿತು.

ನಾನು ಕೈ ತಡೆದೆ. ಸದ್ದು ನಿಂತಿತು. ಮತ್ತೆ ಹಿಂಡಿದೆ. ಕೂಸು ನುಂಗಿತು, ಕೆಳಗೂ ನುಂಗಿದರು. ಹೆಂಗಸರೆಲ್ಲ ಕೇಳಿಸಿಕೊಂಡರು, ಒಬ್ಬಳೂ ಓಡಲಿಲ್ಲ. ನಾನು ಮೆಹಬೂಬ್‌ಬೀಯ ಮುಖ ನೋಡಿದೆ. ಅವಳು ಅಳುತ್ತಿದ್ದಳು, ಆದರೆ ದನಿ ಗಟ್ಟಿಯಾಗಿತ್ತು.

"ಯಾಕ ನಿಲ್ಲಿಸ್ದಿ? ಕುಡಸು" ಎಂದಳು. "ಎಲ್ಲಾರೂ ಕುಡೀಲಿ."